ರಾಣಿಯ ಬುತ್ತಿ

“ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರ ತಲೆ ಸಂಜೆಗೆ ಉರುಳುವುದು” ಎಂದು ಹೊನ್ನಗಿರಿಯಲ್ಲಿ ಡಂಗುರ ಸಾರಿದರು. ಕಡಲತಡಿಯಿಂದ ಮದುವೆಯಾಗಿ ಬಂದಿದ್ದ ರಾಣಿ ನೀಲಾಂಬೆ ತೀರಿಕೊಂಡಂದಿನಿಂದ ದೊರೆ ಯಾರೊಡನೆಯೂ ಮನಬಿಚ್ಚಿ ಮಾತಾಡಿರಲಿಲ್ಲ.

“ಸುಟ್ಟು ಕಂದುಬಣ್ಣವಾದ ಮೇಲೆ ಹೆಚ್ಚು ರುಚಿಯಾಗುವುದು ಯಾವುದು?” ಎಂದು ದೊರೆ ಕೇಳಿದ. ಒಬ್ಬ ರಾಜಕುಮಾರ ಚಿನ್ನವೆಂದ. ಚಿನ್ನ ತಿಂದು ನೋಡಿದ್ದೀಯಾ ಎಂದು ದೊರೆ ಅವನನ್ನು ಸೆರೆಗೆ ಅಟ್ಟಿದ. ಇನ್ನೊಬ್ಬ ಸಕ್ಕರೆಯೆಂದು ಗೆದ್ದ.

“ಬೆಳಿಗ್ಗೆ ಗಟ್ಟಿ, ಮಧ್ಯಾಹ್ನಕ್ಕೆ ಮೆದು. ನಡುವೆ ಬೆಂಕಿ ಸೋಕಿಲ್ಲ, ಹಲ್ಲು ತಾಗಿಲ್ಲ. ಏನದು?”

ಅವನು ಮಂಜುಗಡ್ಡೆಯೆಂದ. ಅವನನ್ನೂ ಎಳೆದೊಯ್ದರು.

ಗುಂಪಿನಲ್ಲಿದ್ದ ಸುಣ್ಣದ ಗೂಡಿನ ಕೂಲಿ ತನಿಯ ಮುಂದೆ ಬಂದ. ಅವನೂ ಕಡಲತಡಿಯವನೇ. “ಮೊದಲು ಸುಣ್ಣ ಕೊಡವಿಕೋ, ತಲೆ ಯಾವುದು ಗೋಡೆ ಯಾವುದು ತಿಳಿಯಬೇಡವೇ” ಎಂದು ಮಂತ್ರಿ ನಕ್ಕ.

“ಮೊದಲನೆಯದು ಸಕ್ಕರೆಯೇ ಬುದ್ಧಿ. ಅದನ್ನು ಕಂದುಬಣ್ಣ ಬರುವಂತೆ ಕಾಯಿಸಿ ನಮ್ಮೂರಲ್ಲಿ ಬಿಸ್ಕತ್ತು ಸುಡುತ್ತಾರೆ. ಬೆಣ್ಣೆ ಹಚ್ಚಿದ ಎರಡು ರೊಟ್ಟಿಯ ನಡುವೆ ಆ ಬಿಸ್ಕತ್ತಿಟ್ಟು ದುಡಿಯಲು ಹೋಗುವವರಿಗೆ ಬುತ್ತಿ ಕಟ್ಟುತ್ತಾರೆ. ಮಧ್ಯಾಹ್ನಕ್ಕೆ ಬೆಣ್ಣೆ ಕುಡಿದು ಅದು ಲೇಹ್ಯದಂತಾಗುತ್ತದೆ. ನಿಮ್ಮ ಎರಡನೆಯ ಒಗಟು ಆ ಬಿಸ್ಕತ್ತು” ಎಂದ ತನಿಯ.

ದೊರೆಯ ದನಿ ಕುಗ್ಗಿತು. “ಏನಯ್ಯಾ, ಹಸಿದವನೊಬ್ಬ ಆ ಬುತ್ತಿ ಬಿಚ್ಚಿ ಬಾಯಿಗಿಟ್ಟ, ನುಂಗಲಾರದೆ ಹೋದ. ಯಾಕೆ?”

ತನಿಯ ಸಿಂಹಾಸನದತ್ತ ಒಂದು ಹೆಜ್ಜೆ ಇಟ್ಟ. ಭಟ ಅವನ ತೋಳು ಹಿಡಿದ.

“ಕಟ್ಟಿಕೊಟ್ಟ ಕೈ ಅಷ್ಟರಲ್ಲಿ ತಣ್ಣಗಾಗಿತ್ತು, ಬುದ್ಧಿ. ನಾನು ಗೂಡಿನ ಬಳಿ ಬುತ್ತಿ ಬಿಚ್ಚಿದಾಗಲೇ ನನ್ನ ಹೆಂಡತಿ ದುಗ್ಗು ಹೋದಳೆಂದು ಕರೆಯಲು ಬಂದರು.”

ದೊರೆ ಸಿಂಹಾಸನದಿಂದ ಇಳಿದ. ತಾನು ಬೇಟೆಯ ಕಾಡಿನಲ್ಲಿ ರಾಣಿ ಕಟ್ಟಿದ ಬುತ್ತಿ ಬಿಚ್ಚಿದ್ದಾಗ ಅವಳ ಸಾವಿನ ಸುದ್ದಿ ಹೊತ್ತು ಓಲೆಕಾರ ಬಂದನೆಂದು ಸಭೆಯೆದುರು ಮೊದಲ ಸಲ ಹೇಳಿ ಅತ್ತ.

ತನಿಯ ಅರ್ಧ ರಾಜ್ಯ ಒಲ್ಲೆನೆಂದ. ಸೆರೆಯವರನ್ನು ಬಿಡಿಸಿದ. ದೊರೆ ಅವನಿಗೆ ರಾಣಿಯ ಅಡುಗೆಮನೆಯನ್ನೇ ಕೊಟ್ಟ. ಬುತ್ತಿ ಕಟ್ಟಿಟ್ಟು ಮಧ್ಯಾಹ್ನದವರೆಗೆ ಕಾಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅದಕ್ಕೇ ತನಿಯ ಬಿಸ್ಕತ್ತನ್ನು ಬೆಣ್ಣೆಯೊಡನೆ ಒರಳಿನಲ್ಲಿ ನುಣ್ಣಗೆ ಅರೆದು ರೊಟ್ಟಿಗೆ ಹಚ್ಚಿದ. ಜನ ಇಂದಿಗೂ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಆ ಬಿಸ್ಕತ್ತಿನ ಸಿಹಿ ಹುಟ್ಟಿದ್ದು ಹೀಗೆ.

ದೊರೆ ರುಚಿ ನೋಡಿದ.

“ಅವಳದು ಹೀಗಿರಲಿಲ್ಲ.”

“ನನ್ನವಳದೂ ಹೀಗಿರಲಿಲ್ಲ, ಬುದ್ಧಿ” ಎಂದು ತನಿಯ ಇನ್ನೊಂದು ರೊಟ್ಟಿಗೆ ಹಚ್ಚಿದ.