ಕೆರೆಯ ನಟ್ಟನಡುವಿನ ಫೋಟೋ

ಸರ್ವೆ ಕಚೇರಿಯ ಕೆಲಸದಲ್ಲಿದ್ದಾಗ ನಾನು ಅಳತೆಯ ಸರಪಳಿ ಹಿಡಿದು ನಿಂತರೆ ಭೂಮಿಯೇ ಅಲುಗಾಡದೆ ಅಳೆಸಿಕೊಳ್ಳುತ್ತಿತ್ತು. ಬೇಕಾದರೆ ಒಳಗಿರುವ ನಿಮ್ಮ ಅತ್ತೆಯನ್ನೇ ಕೇಳಿ ಮಕ್ಕಳೇ. ಅಂಥ ನನ್ನ ಮುಂದೆ ಹೊಸ ಸಾಹೇಬರು ಕಂಪ್ಯೂಟರಿನಲ್ಲಿ ನಕ್ಷೆ ತೆರೆದರು.

"ಉಪಗ್ರಹದ ಚಿತ್ರದಲ್ಲಿ ನಿಮ್ಮೂರಿಗೆ ಕೆರೆಯೇ ಇಲ್ಲ. ಬಯಲು ಅಂತ ವರದಿ ಬರಿ. ಅಲ್ಲಿ ಬಸ್ ನಿಲ್ದಾಣ ಕಟ್ಟಿಸ್ತೀನಿ."

"ಅದು ಬೇಸಿಗೆಯಲ್ಲಿ ತೆಗೆದ ಚಿತ್ರ ಸಾರ್. ಈಗ ಊರಿನ ದನಕರುವೆಲ್ಲ ಅಲ್ಲೇ ನೀರು ಕುಡಿಯೋದು."

"ಮೊನ್ನೆಯ ಮಳೆಗೆ ನಿಂತ ನೀರಯ್ಯ ಅದು! ಯಂತ್ರಕ್ಕಿಂತ ನೀನು ಜಾಣನೇನು?"

ಹೌದು ಎನ್ನಲು ನನಗೆ ಸಂಕೋಚವಾಯಿತು.

"ಬರೀತೀನಿ ಸಾರ್. ಆದರೆ ಜಾಗದ ನಟ್ಟನಡುವೆ ಅಧಿಕಾರಿಗಳೇ ನಿಂತು ತೆಗೆದುಕೊಂಡ ಜಿಪಿಎಸ್ ಫೋಟೋ ಇಲ್ಲದೆ ವರದಿ ಕಳಿಸಬಾರದು ಅಂತ ತಮ್ಮದೇ ಆದೇಶ ಇದೆಯಲ್ಲ."

ಕೂಡಲೇ ನನ್ನನ್ನು ಕರೆದುಕೊಂಡು ಕೆರೆಗೆ ಬಂದ ಸಾಹೇಬರು ಪ್ಯಾಂಟು ಮಡಚಿಕೊಂಡು, ಫೋನಿನಲ್ಲಿ ನಕ್ಷೆ ನೋಡುತ್ತಾ ನೀರಿಗಿಳಿದರು. ನಾನು ದಡದಿಂದ ಕೂಗಿದೆ.

"ನಡುವಿಗೆ ಇನ್ನೆಷ್ಟು ದೂರ ಸಾರ್?"

"ಅರವತ್ತು ಮೀಟರ್!" ನೀರು ಮೊಣಕಾಲಿಗೆ ಬಂದಿತ್ತು.

"ನಲವತ್ತು!" ಸೊಂಟ ಮುಳುಗಿತು. ಎಮ್ಮೆಗಳು ಎದ್ದು, ಮರ್ಯಾದೆಯಿಂದ ಜಾಗ ಬಿಟ್ಟವು.

ನೀರು ಕುತ್ತಿಗೆಗೆ ಬಂದಾಗ ಸಾಹೇಬರು ಫೋನನ್ನು ತಲೆಯ ಮೇಲೆತ್ತಿ ಅರಚಿದರು.

"ಕೆರೆ ಅಂತಲೇ ಬರಿಯಯ್ಯಾ!"

"ಆಗಲಿ ಸಾರ್," ಎಂದೆ ನಾನು. "ಆದರೆ ಆ ವರದಿಗೂ ಫೋಟೋ ಬೇಕಲ್ಲ. ಇನ್ನು ಇಪ್ಪತ್ತೇ ಮೀಟರ್!"