ಡೊಂಕಯ್ಯನ ಶಂಖದ ಮನೆ

ಕಡಲ ದಂಡೆಯಲ್ಲಿ ಒಂದು ಕರಿಬಂಡೆ ಇತ್ತು. ಬಂಡೆಯ ಬುಡದಲ್ಲಿ ಉಪ್ಪುನೀರಿನ ಸಣ್ಣ ಗುಂಡಿ. ಆ ಗುಂಡಿಯ ಸುತ್ತ ಏಳು ಸನ್ಯಾಸಿ ಏಡಿಗಳು ವಾಸವಾಗಿದ್ದವು.

ಮಕ್ಕಳೇ, ಹೆಸರು ಕೇಳಿ ಮೋಸ ಹೋಗಬೇಡಿ. ಇವಕ್ಕೆ ಸನ್ಯಾಸಿ ಎಂದು ಹೆಸರಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಮನೆಯ ಚಿಂತೆ ಇವಕ್ಕಿರುವಷ್ಟು ಇನ್ಯಾರಿಗೂ ಇಲ್ಲ. ಆದರೆ ಪಾಪ, ಅವಾದರೂ ಏನು ಮಾಡಬೇಕು? ಬಸವನಹುಳುವಿಗೆ ಬೆನ್ನ ಮೇಲೆಯೇ ಚಿಪ್ಪು ಬೆಳೆಯುತ್ತದೆ. ಆಮೆಗೂ ಹಾಗೆಯೇ. ಮೊಟ್ಟೆಯೊಳಗಿನ ಮರಿಗೆ, ತೆಂಗಿನಕಾಯಿಯ ತಿರುಳಿಗೆ, ಅಷ್ಟೇಕೆ, ಎರಡು ಕಾಳಿನ ಕಡಲೆಕಾಯಿಗೂ ಹುಟ್ಟುವಾಗಲೇ ಒಂದು ಗಟ್ಟಿ ಹೊದಿಕೆ ಸಿಕ್ಕಿರುತ್ತದೆ. ಸನ್ಯಾಸಿ ಏಡಿಗೆ ಮಾತ್ರ ಮುಂದೆ ಇಕ್ಕಳದಂಥ ಕೈಗಳು ಗಟ್ಟಿ, ಹಿಂದೆ ಬಾಲದ ಕಡೆ ಬೆಂದ ಬದನೆಕಾಯಿಯ ಹಾಗೆ ಮೆತ್ತಗೆ. ಅದಕ್ಕೇ ಅದು ಯಾವುದೋ ಹುಳು ಸತ್ತು ಖಾಲಿ ಬಿದ್ದ ಚಿಪ್ಪನ್ನು ಹುಡುಕಿ ಒಳಗೆ ಸೇರಿಕೊಳ್ಳುತ್ತದೆ. ಮೈ ಬೆಳೆಯುತ್ತದೆ, ಚಿಪ್ಪು ಬೆಳೆಯುವುದಿಲ್ಲ. ಆಗ ಮತ್ತೆ ಮನೆ ಹುಡುಕಾಟ.

ಕರಿಬಂಡೆಯ ಏಡಿಗಳಿಗೆ ಇದಕ್ಕೊಂದು ಪದ್ಧತಿ ಇತ್ತು. ಖಾಲಿ ಚಿಪ್ಪು ಯಾರ ಕಣ್ಣಿಗೆ ಬಿದ್ದರೂ ಅವರು ಒಳಗೆ ನುಗ್ಗುವಂತಿಲ್ಲ. ಎಲ್ಲರನ್ನೂ ಕರೆಯಬೇಕು. ಎಲ್ಲರೂ ಬಂದು ದೊಡ್ಡವರಿಂದ ಸಣ್ಣವರವರೆಗೆ ಸಾಲಾಗಿ, ಒಬ್ಬರ ಬೆನ್ನನ್ನು ಇನ್ನೊಬ್ಬರು ಹಿಡಿದು ನಿಲ್ಲಬೇಕು. ಎಲ್ಲರಿಗಿಂತ ಹಿರಿಯಳಾದ ಅಜ್ಜಿ ಏಡಿ ಚಿಪ್ಪಿನೊಳಗೆ ಕೈ ಹಾಕಿ, ಕೊನೆಯ ಸುತ್ತಿನವರೆಗೂ ಮುಟ್ಟಿ ನೋಡಿ "ಸರಿ ಉಂಟು" ಎನ್ನಬೇಕು. ಆಮೇಲೆ ಅಜ್ಜಿ ಹೊಸ ಮನೆಗೆ, ಅಜ್ಜಿಯ ಮನೆಗೆ ಎರಡನೆಯವನು, ಅವನ ಮನೆಗೆ ಮೂರನೆಯವನು. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಸಾಲಿಗೆ ಒಂದೊಂದು ಅಳತೆ ದೊಡ್ಡ ಮನೆ ಸಿಕ್ಕಿಬಿಡುತ್ತಿತ್ತು.

ಸಾಲಿನಲ್ಲಿ ಎರಡನೆಯವನು ಗುಂಡಣ್ಣ, ಮೂರನೆಯವನೇ ನಮ್ಮ ಡೊಂಕಯ್ಯ. ಅವನಿಗೆ ಈ ಪದ್ಧತಿ ಕಂಡರೆ ಆಗುತ್ತಿರಲಿಲ್ಲ.

"ಹುಟ್ಟಿದಾಗಿನಿಂದ ಆ ಗುಂಡಣ್ಣ ಬಿಟ್ಟ ಮನೆಯಲ್ಲೇ ನನ್ನ ವಾಸ. ಹೊಸ ಮನೆಯ ವಾಸನೆ ಹೇಗಿರ್ತದೆ ಅಂತಲೇ ನನಗೆ ಗೊತ್ತಿಲ್ಲ" ಎಂದು ಅವನು ಸಿಂಪಕ್ಕನ ಹತ್ತಿರ ಗೊಣಗುತ್ತಿದ್ದ.

ಸಿಂಪಕ್ಕ ಎಂದರೆ ಬಂಡೆಗೆ ಅಂಟಿಕೊಂಡಿದ್ದ ಒಂದು ಸಿಂಪಿ. ಹುಟ್ಟಿದ ಮೇಲೆ ಒಂದು ಹೆಜ್ಜೆ ಕೂಡ ಅತ್ತಿತ್ತ ಇಟ್ಟವಳಲ್ಲ. ಆದರೂ ದಂಡೆಯ ಸುದ್ದಿಯೆಲ್ಲ ಅವಳಿಗೇ ಮೊದಲು ಗೊತ್ತಾಗುತ್ತಿತ್ತು. ಚಿಪ್ಪಿನ ಬಾಗಿಲನ್ನು ಒಂದೆಳೆಯಷ್ಟು ತೆರೆದು ಅವಳು ಹೇಳಿದಳು: "ನಿನಗೆ ಮನೆ ಬದಲಿಸುವ ಭಾಗ್ಯವಾದರೂ ಉಂಟು ಮಾರಾಯ. ನನಗೆ ಎದುರಿನ ಕಲ್ಲು ನೋಡಿ ನೋಡಿ ಸಾಕಾಗಿದೆ."

ಡೊಂಕಯ್ಯನ ತಲೆ ಕೆಡಿಸಿದ್ದು ಒಂದು ಕಾಗೆ. ದಂಡೆಯ ಗುಡ್ಡದ ಮೇಲೆ ಒಂದು ದೀಪಸ್ತಂಭ ಇತ್ತು. ಕಾಗೆ ಅದರ ಕಟಕಟೆಯ ಮೇಲೆ ಕೂತು, ಬೇಸರ ಬಂದಾಗ ಕೆಳಗಿಳಿದು ಪೇಟೆಯ ಕತೆ ಹೇಳುತ್ತಿತ್ತು.

"ಈ ಮನುಷ್ಯರು ಉಂಟಲ್ಲ, ಎಲ್ಲ ನಿಮ್ಮಿಂದಲೇ ಕಲಿತದ್ದು. ಈ ದೀಪಸ್ತಂಭದ ಒಳಗೆ ನೋಡಬೇಕು, ಮೆಟ್ಟಿಲು ಸುತ್ತಿ ಸುತ್ತಿ ಮೇಲೆ ಹೋಗ್ತದೆ, ಥೇಟ್ ನಿಮ್ಮ ಮನೆಯ ಹಾಗೆ. ಪೇಟೆಯಲ್ಲೊಂದು ಸಭಾಭವನ, ಅದಕ್ಕೆ ಮೇಲೆ ಹೊದಿಸಿದ ಮಾಡು ಮೊಟ್ಟೆಯ ಚಿಪ್ಪನ್ನು ಕವುಚಿ ಹಾಕಿದ ಹಾಗೆ. ಅಡುಗೆಮನೆಗೆ ಇಣುಕಿದರೆ ಸೌಟು ತೆಂಗಿನ ಕರಟದ್ದು. ಮಕ್ಕಳು ಆಡುವುದು ಕವಡೆ. ಗೋಡೆಗೆ ಬಳಿದ ಸುಣ್ಣವೂ ಚಿಪ್ಪು ಸುಟ್ಟು ಮಾಡಿದ್ದೇ!"

ಕಾಗೆ ಇದನ್ನೆಲ್ಲ ಪುಕ್ಕಟೆ ಹೇಳುತ್ತಿರಲಿಲ್ಲ. ಕತೆ ಕೇಳುವ ಮೈಮರೆವಿನಲ್ಲಿ ಯಾರಾದರೂ ಚಿಪ್ಪಿನಿಂದ ಸ್ವಲ್ಪ ಹೆಚ್ಚು ಹೊರಗೆ ಬರುತ್ತಾರೋ ಎಂದು ಓರೆಗಣ್ಣಿನಲ್ಲಿ ನೋಡುತ್ತಿತ್ತು. ಬುದ್ಧಿ ಇದ್ದವರು ಬಾಗಿಲಲ್ಲೇ ಕೂತು ಕೇಳುತ್ತಿದ್ದರು.

ಡೊಂಕಯ್ಯ ಮಾತ್ರ ದೀಪಸ್ತಂಭವನ್ನೇ ನೋಡುತ್ತಿದ್ದ. ಬೆಳ್ಳಗೆ, ಎತ್ತರಕ್ಕೆ, ಊರಿಗೆಲ್ಲ ಕಾಣುವ ಹಾಗೆ ನಿಂತ ಮನೆ! "ಇದ್ದರೆ ಅಂಥ ಮನೆಯಲ್ಲಿ ಇರಬೇಕು" ಎಂದು ಅವನು ನಿಟ್ಟುಸಿರು ಬಿಟ್ಟ.

ಒಂದು ಬೆಳಿಗ್ಗೆ ನೀರು ಇಳಿದಾಗ ಮರಳಿನ ಮೇಲೆ ಅಂಥದ್ದೇ ಒಂದು ಬಿದ್ದಿತ್ತು. ಬಿಳಿ ಶಂಖ. ಎಷ್ಟು ಉಜ್ಜಿ ತೊಳೆದಿದ್ದರೋ ಏನೋ, ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತಿತ್ತು. ಯಾವುದೋ ಮನೆಯ ದೇವರ ಕೋಣೆಯಿಂದ ಹೇಗೋ ಕಡಲಿಗೆ ಬಂದು ಸೇರಿದ್ದು ಅದು.

ಮೊದಲು ಕಂಡವನು ಡೊಂಕಯ್ಯ. ಪದ್ಧತಿಯಂತೆ ಎಲ್ಲರನ್ನೂ ಕರೆಯಬೇಕಿತ್ತು. ಕರೆಯಲು ಬಾಯಿಯನ್ನೂ ತೆರೆದ. ಆದರೆ ಕರೆದರೆ ಏನಾಗುತ್ತದೆ? ಶಂಖ ಅಜ್ಜಿಗೆ, ಅಜ್ಜಿಯದು ಗುಂಡಣ್ಣನಿಗೆ, ತನಗೆ ಮತ್ತದೇ ಗುಂಡಣ್ಣ ಬಿಟ್ಟ ಮನೆ. ಡೊಂಕಯ್ಯ ತೆರೆದ ಬಾಯಿ ಮುಚ್ಚಿದ. ಅತ್ತ ಇತ್ತ ನೋಡಿದ. ತನ್ನ ಹಸಿರುಪಟ್ಟೆಯ ಹಳೆಯ ಚಿಪ್ಪಿನಿಂದ ಸರಕ್ಕನೆ ಹೊರಬಿದ್ದು ಶಂಖದೊಳಗೆ ಹಾರಿದ!

ಶಂಖ ಅವನಿಗೆ ಎರಡು ಅಳತೆ ದೊಡ್ಡದು. ಹಿಡಿತ ಸಿಗದೆ ಜಾರಿದ, ಇನ್ನೂ ಜಾರಿದ, ಕೊನೆಗೆ ತುದಿಗೆ ಹೋಗಿ ಸಿಕ್ಕಿಕೊಂಡ. ಬೆನ್ನ ಹಿಂದೆ ಏನೋ ತಣ್ಣಗಾಯಿತು. "ಹೊಸ ಮನೆ ಅಂದರೆ ಹೀಗೇ ತಣ್ಣಗಿರ್ತದೆ ಕಾಣ್ತದೆ" ಎಂದುಕೊಂಡ.

ಅಷ್ಟರಲ್ಲಿ ಉಳಿದವರು ಬಂದರು. ಹಸಿರುಪಟ್ಟೆಯ ಚಿಪ್ಪು ಖಾಲಿ ಬಿದ್ದಿದೆ. ಖಾಲಿ ಬಿದ್ದ ಮನೆ ಸಾಲಿನಲ್ಲಿ ಮುಂದಿನವರಿಗೆ ಸೇರಿದ್ದು. ಡೊಂಕಯ್ಯನ ಹಿಂದಿನವಳಾದ ಚುಂಚಿ ಅದರೊಳಗೆ ಹೋದಳು, ಅವಳ ಮನೆಗೆ ಅವಳ ಹಿಂದಿನವನು, ಹೀಗೆ ನಾಲ್ವರಿಗೂ ಮನೆ ಬದಲಾಯಿತು. ಎಲ್ಲರಿಗಿಂತ ಸಣ್ಣವನಾದ ಕಡಲೆ ಎಂಬ ಮರಿಗೆ ಎಂಟು ಕಾಲನ್ನೂ ಒಳಗೆ ಎಳೆದುಕೊಳ್ಳುವಷ್ಟು ಜಾಗ ಜೀವಮಾನದಲ್ಲೇ ಮೊದಲ ಬಾರಿ ಸಿಕ್ಕಿತು. ಅದು ಕುಣಿದಾಡಿತು. ಅಜ್ಜಿ, ಗುಂಡಣ್ಣ ಇಬ್ಬರೇ ಇಕ್ಕಟ್ಟಿನ ಹಳೆಯ ಮನೆಗಳಲ್ಲಿ ಉಳಿದರು.

ಅಜ್ಜಿ ಬೈಯಲಿಲ್ಲ. "ಡೊಂಕಾ, ಕೊನೆಯ ಸುತ್ತಿನವರೆಗೆ ಮುಟ್ಟಿ ನೋಡಿದೆಯಾ?" ಎಂದು ಕೇಳಿದಳು.

"ಮುಟ್ಟುವುದೆಂತದು ಅಜ್ಜಿ? ಹೊಳೆಯುವುದು ಕಾಣುವುದಿಲ್ಲವಾ?" ಎಂದ ಡೊಂಕಯ್ಯ.

ಸಂಜೆ ಕಡಲಗಾಳಿ ಎದ್ದಿತು. ಎದ್ದದ್ದೇ ತಡ, ಶಂಖ "ಭೋಂ" ಎಂದಿತು!

ಇಡೀ ದಂಡೆ ತಿರುಗಿ ನೋಡಿತು. ಬೆಚ್ಚಿಬಿದ್ದವನು ಡೊಂಕಯ್ಯನೇ. ಆದರೆ ಎಲ್ಲರೂ ನೋಡುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಎದೆ ಉಬ್ಬಿಸಿದ. "ನೋಡಿದಿರಾ? ನಿಮ್ಮ ಯಾರ ಮನೆಗಾದರೂ ಸ್ವರ ಉಂಟಾ?"

ಮಕ್ಕಳೇ, ನಿಮಗಾದರೂ ಗುಟ್ಟು ಹೇಳಿಬಿಡುತ್ತೇನೆ. ಶಂಖವನ್ನು ಊದಬೇಕಾದರೆ ಅದರ ಚೂಪು ತುದಿಯನ್ನು ಕತ್ತರಿಸಿ ತೂತು ಮಾಡಬೇಕು. ತೂತಿಲ್ಲದಿದ್ದರೆ ಎಷ್ಟು ಊದಿದರೂ ಕೆನ್ನೆ ನೋಯುತ್ತದೆಯೇ ಹೊರತು ಸದ್ದು ಬರುವುದಿಲ್ಲ. ಡೊಂಕಯ್ಯನ ಮನೆಯೂ ಹಿಂದೆ ತೆರೆದೇ ಇತ್ತು. ಆ ತೂತಿನಿಂದ ಅವನ ಮೆತ್ತಗಿನ ಬಾಲದ ತುದಿ ಹೊರಗೆ ಇಣುಕುತ್ತಿತ್ತು. ಮುಂದೆ ಕೈಯನ್ನು ಅಡ್ಡ ಹಿಡಿದು ಬಾಗಿಲು ಭದ್ರ ಮಾಡಿ ಕೂತ ಯಜಮಾನನಿಗೆ ಇದು ಗೊತ್ತೇ ಇಲ್ಲ.

ಸ್ವಲ್ಪವೂ ಗೊತ್ತಾಗಲಿಲ್ಲ ಎಂದರೆ ಸುಳ್ಳಾದೀತು. ಒಳಗೆ ತುಂಬಿಸಿದ ನೀರು ನಿಲ್ಲುತ್ತಿರಲಿಲ್ಲ. ಮಧ್ಯಾಹ್ನವಾದರೆ ಮೈ ಒಣಗುತ್ತಿತ್ತು. ಹಿಂದಿನಿಂದ ಮರಳು ಬಂದು ಕಚಗುಳಿ ಇಡುತ್ತಿತ್ತು. ಯಾರಿಗೂ ಕಾಣದ ಹಾಗೆ ದಿನಕ್ಕೆ ಹತ್ತು ಸಲ ಗುಂಡಿಗೆ ಇಳಿದು ಬರುತ್ತಿದ್ದ.

ಸಿಂಪಕ್ಕನ ಕಣ್ಣು ತಪ್ಪಿಸಲು ಆಗುತ್ತದೆಯೇ? "ಡೊಂಕಯ್ಯ, ನಿನ್ನ ಮನೆಗೆ ಹಿತ್ತಿಲ ಬಾಗಿಲೂ ಉಂಟಂತಲ್ಲ?" ಎಂದಳು.

ಡೊಂಕಯ್ಯನಿಗೆ ಒಳಗೊಳಗೇ ಗಾಬರಿಯಾಯಿತು. ಆದರೂ ಬಿಟ್ಟುಕೊಡಲಿಲ್ಲ. "ದೊಡ್ಡ ಮನೆ ಅಂದ ಮೇಲೆ ಗಾಳಿ ಬೆಳಕು ಬೇಡವಾ ಸಿಂಪಕ್ಕ? ದೀಪಸ್ತಂಭಕ್ಕೂ ಕಿಟಕಿ ಉಂಟು."

"ಉಂಟು ಉಂಟು. ಆದರೆ ದೀಪಸ್ತಂಭದ ಕಿಟಕಿಯಿಂದ ಯಾರ ಬಾಲವೂ ಕಾಣುವುದಿಲ್ಲಪ್ಪ" ಎಂದು ಸಿಂಪಕ್ಕ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆಯೇ ಗಾಳಿ ಬೀಸಿತು. "ಭೋಂ!" ದೀಪಸ್ತಂಭದ ಮೇಲಿದ್ದ ಕಾಗೆ ಕತ್ತು ಕೊಂಕಿಸಿತು. ಸದ್ದು ಬಂದ ಕಡೆಗೇ ನೇರ ಹಾರಿ ಬಂದು ಮರಳಿನ ಮೇಲೆ ಇಳಿಯಿತು.

"ನಮಸ್ಕಾರ ಡೊಂಕಯ್ಯನವರೇ! ನಿಮ್ಮ ಮನೆ ಎಲ್ಲಿ ಅಂತ ಯಾರನ್ನೂ ಕೇಳುವ ಕೆಲಸವೇ ಇಲ್ಲ. ನೀವೇ ಶಂಖ ಊದಿ ಕರೀತೀರಿ."

"ಬಂದದ್ದು ಸಂತೋಷ" ಎಂದ ಡೊಂಕಯ್ಯ, ಬಾಗಿಲಿಗೆ ಕೈ ಅಡ್ಡ ಹಿಡಿದೇ.

ಕಾಗೆ ಆ ಕೈಯನ್ನು ಒಮ್ಮೆ ಕುಟ್ಟಿ ನೋಡಿತು. ಗಟ್ಟಿ. "ಮುಂಬಾಗಿಲು ಬಹಳ ಚೆನ್ನಾಗಿದೆ. ಸುತ್ತ ಒಂದು ಬಾರಿ ನೋಡ್ಲಾ?" ಎಂದಿತು.

"ಅದಕ್ಕೇನು, ಧಾರಾಳ ನೋಡಿ!" ಹೊಗಳಿಕೆ ಕೇಳಿ ಡೊಂಕಯ್ಯನಿಗೆ ಹಿಂದಿನ ತೂತು ಮರೆತೇಹೋಗಿತ್ತು.

ಕಾಗೆ ನಿಧಾನವಾಗಿ ಹಿಂದಕ್ಕೆ ಹೋಯಿತು. ತೂತಿನಲ್ಲಿ ಮೆತ್ತಗಿನ ಬಾಲದ ತುದಿ ಕಂಡಿತು.

"ಅಯ್ಯಯ್ಯೋ!"

ಕುಕ್ಕಿದ ರಭಸಕ್ಕೆ ಡೊಂಕಯ್ಯ ಮುಂಬಾಗಿಲಿನಿಂದ ಚಿಮ್ಮಿ ಹೊರಬಿದ್ದ. ಮೈಮೇಲೆ ಚಿಪ್ಪಿಲ್ಲ. ಸುತ್ತ ಬರೀ ಮರಳು, ಹಿಂದೆ ಕಾಗೆ. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ ಅವನು. ಎತ್ತ ಓಡುವುದೋ ತಿಳಿಯದೆ ಓಡಿದ. ದಾರಿಯಲ್ಲಿ ಅರ್ಧ ತೆಂಗಿನ ಕರಟ ಕವುಚಿ ಬಿದ್ದಿತ್ತು. ಅದರಡಿಗೆ ನುಸುಳಿದ.

ಕಾಗೆ ಬಿಡುತ್ತದೆಯೇ? ಕರಟದ ಅಂಚಿಗೆ ಕೊಕ್ಕು ಹಾಕಿ ಎತ್ತತೊಡಗಿತು. ಒಂದು ಬೆರಳು ಬೆಳಕು ಒಳಗೆ ಬಂತು. ಡೊಂಕಯ್ಯ ಕಣ್ಣು ಮುಚ್ಚಿಕೊಂಡು ಕೂಗಿದ: "ಅಜ್ಜೀ!"

ಸಾಲು ಮುರಿದವನು ನಾನು, ಯಾರು ಬರುತ್ತಾರೆ ಎಂದುಕೊಂಡಿದ್ದ. ಆದರೆ ಮರಳಿನ ಮೇಲೆ ಚರಪರ ಸದ್ದು ಕೇಳಿಸಿತು. ಮುಂದೆ ಅಜ್ಜಿ, ಅವಳ ಬೆನ್ನು ಹಿಡಿದು ಗುಂಡಣ್ಣ, ಅವನ ಬೆನ್ನು ಹಿಡಿದು ಚುಂಚಿ, ಹಿಂದೆ ಉಳಿದವರು. ಆರು ಮಂದಿಯ ಸಾಲು ಬಂದು ಕರಟವನ್ನು ಸುತ್ತುವರಿದು, ಅಂಚನ್ನು ಒತ್ತಿ ಹಿಡಿದು ಕೂತಿತು. ಕಾಗೆ ಅಜ್ಜಿಯನ್ನು ಕುಟ್ಟಿತು, ಟಕ್. ಗುಂಡಣ್ಣನನ್ನು ಕುಟ್ಟಿತು, ಟಕ್. ಕೊನೆಯ ಸಂದಿನಲ್ಲಿ ಕೂತಿದ್ದ ಕಡಲೆ ಮರಿಯನ್ನಾದರೂ ಎಳೆಯೋಣ ಎಂದರೆ ಅದು ಹೊಸ ಮನೆಯೊಳಗೆ ಎಂಟು ಕಾಲನ್ನೂ ಎಳೆದುಕೊಂಡು ಬಾಗಿಲು ಹಾಕಿಬಿಟ್ಟಿತ್ತು. ಟಕ್.

"ಬರೀ ಚಿಪ್ಪು! ಹಲ್ಲಿಗೂ ಸಾಲದು!" ಎಂದು ಗೊಣಗಿ ಕಾಗೆ ಹಾರಿಹೋಯಿತು. ಕಾಗೆಗೆ ಹಲ್ಲೆಲ್ಲಿಂದ ಬಂತು ಎಂದು ಕೇಳಬೇಡಿ. ಸಿಟ್ಟಿನಲ್ಲಿ ಎಲ್ಲರೂ ಏನಾದರೂ ಹೇಳುತ್ತಾರೆ.

ಡೊಂಕಯ್ಯ ಕರಟದಡಿಯಿಂದ ಮುಖ ಹೊರಹಾಕಿದ. ಯಾರ ಮುಖವನ್ನೂ ನೋಡಲಾಗಲಿಲ್ಲ. ಚುಂಚಿಯೇ ಮೊದಲು ಮಾತಾಡಿದಳು. "ಮಾವ, ನಿಮ್ಮ ಹಸಿರುಪಟ್ಟೆ ಮನೆ ನೀವೇ ತಗೊಳ್ಳಿ. ನಾವು ನಾಲ್ಕು ಜನ ಹಿಂದಕ್ಕೆ ಒಂದೊಂದು ಮನೆ ಸರಿದುಕೊಳ್ತೇವೆ."

ಡೊಂಕಯ್ಯನಿಗೆ ಆಸೆಯಾಯಿತು, ಬಹಳ ಆಸೆಯಾಯಿತು. ಆದರೆ ಸಾಲಿನ ತುದಿಯಲ್ಲಿ ಕಡಲೆ ಒಂದೊಂದೇ ಕಾಲನ್ನು ಹೊರಗೆ ಹಾಕಿ ಮತ್ತೆ ಒಳಗೆ ಎಳೆದುಕೊಂಡು ನೋಡುತ್ತಿತ್ತು, ಜಾಗ ಇನ್ನೂ ಅಷ್ಟೇ ಇದೆಯೋ ಎಂದು.

"ಬೇಡ ಮಗಾ" ಎಂದ ಡೊಂಕಯ್ಯ. "ನನಗೆ ಈ ಕರಟ ಸಾಕು."

ಮೂರು ವಾರ ಅವನು ಕರಟ ಹೊತ್ತು ತಿರುಗಿದ. ಅದು ನಡೆದರೆ ತಲೆಗೆ ತಾಗುತ್ತಿತ್ತು, ನಿಂತರೆ ಓರೆಯಾಗುತ್ತಿತ್ತು. "ಏನು ಡೊಂಕಯ್ಯ, ಪೇಟೆಯ ಸಭಾಭವನವನ್ನೇ ಹೊತ್ತು ತಂದೆಯಾ? ಮಾಡು ಬಹಳ ಚಂದ ಉಂಟು" ಎಂದು ಸಿಂಪಕ್ಕ ದಿನಾ ವಿಚಾರಿಸುತ್ತಿದ್ದಳು.

ನಾಲ್ಕನೆಯ ವಾರ ಒಂದು ದೊಡ್ಡ ಚಿಪ್ಪು ದಡಕ್ಕೆ ಬಂತು. ಕಂದು ಬಣ್ಣ, ಮೈತುಂಬ ಪಾಚಿ, ನೋಡಲು ಏನೂ ಚಂದವಿಲ್ಲ. ಕಂಡವನು ಮತ್ತೆ ಡೊಂಕಯ್ಯನೇ. ಈ ಸಲ ಅವನು ಎಷ್ಟು ಜೋರಾಗಿ ಕೂಗಿದನೆಂದರೆ ಬಂಡೆಯ ಆಚೆಗಿನ ಏಡಿಗಳೂ ಇಣುಕಿ ನೋಡಿದವು.

ಸಾಲು ನಿಂತಿತು. ಅಜ್ಜಿ ಹೇಳಿದಳು: "ನನ್ನ ಕೈ ಈಗ ದಪ್ಪವಾಗಿ ಕೊನೆಯ ಸುತ್ತಿನವರೆಗೆ ಹೋಗುವುದಿಲ್ಲ. ಡೊಂಕಾ, ನೀನೇ ನೋಡು. ನಮ್ಮಲ್ಲಿ ಅನುಭವ ಇರುವವನು ನೀನೊಬ್ಬನೇ."

ಎಲ್ಲರೂ ನಕ್ಕರು. ಡೊಂಕಯ್ಯನೂ ನಕ್ಕ. ಕರಟವನ್ನು ಪಕ್ಕಕ್ಕಿಟ್ಟು ಕೈ ಹಾಕಿ ಒಂದೊಂದು ಸುತ್ತನ್ನೂ ಮುಟ್ಟಿದ. ತುದಿಯನ್ನು ಮೂರು ಸಲ ಮುಟ್ಟಿದ. ನೀರು ತುಂಬಿಸಿ ಹಿಂದೆ ಹೋಗಿ ಕಾದು ನೋಡಿದ. ಒಂದು ಹನಿಯೂ ಸೋರಲಿಲ್ಲ.

"ಸರಿ ಉಂಟು" ಎಂದ.

ಅಜ್ಜಿ ಕಂದು ಚಿಪ್ಪಿಗೆ ಹೋದಳು. ಗುಂಡಣ್ಣ ಅಜ್ಜಿಯ ಮನೆಗೆ. ಗುಂಡಣ್ಣ ಬಿಟ್ಟ ಮನೆಗೆ ಡೊಂಕಯ್ಯ. ಒಳಗೆ ಬಾಲ ಚಾಚಿದರೆ ಗೋಡೆ ಸರಿಯಾಗಿ ಹಿಡಿತಕ್ಕೆ ಸಿಕ್ಕಿತು. ಅಷ್ಟೇ ಅಲ್ಲ, ಈಗಷ್ಟೇ ಗುಂಡಣ್ಣ ಎದ್ದುಹೋದ ಮನೆ ಬೆಚ್ಚಗಿತ್ತು.

ಆಗ ಗಾಳಿ ಬೀಸಿತು. ಬಂಡೆಯ ಬದಿಯಲ್ಲಿ ಬಿದ್ದಿದ್ದ ಬಿಳಿ ಶಂಖ "ಭೋಂ" ಎಂದಿತು. ಎಲ್ಲರೂ ಡೊಂಕಯ್ಯನ ಕಡೆ ತಿರುಗಿದರು.

"ಇವತ್ತು ಗಾಳಿ ಸ್ವಲ್ಪ ಜೋರುಂಟು" ಎಂದು ಹೇಳಿ ಡೊಂಕಯ್ಯ ಮೆಲ್ಲಗೆ ಬಾಗಿಲು ಹಾಕಿಕೊಂಡ.

ನೀತಿ: ಸರದಿ ತಪ್ಪಿಸಿ ನುಗ್ಗುವವನ ಕಣ್ಣಿಗೆ ಹೊರಗಿನ ಹೊಳಪು ಮಾತ್ರ ಕಾಣುತ್ತದೆ, ಒಳಗಿನ ತೂತು ಕಾಣುವುದಿಲ್ಲ, ಎಲ್ಲರೊಡನೆ ಸಾಲಿನಲ್ಲಿ ನಿಂತವನಿಗೆ ಮನೆಯೂ ಸಿಗುತ್ತದೆ, ಕಷ್ಟಕ್ಕೆ ನೆರೆಯವರೂ ಸಿಗುತ್ತಾರೆ.