ಸಾವಿರ ಲೈಕಿನ ಬೆಕ್ಕು

ಕಡಲೆಕಾಯಿ ಗೋದಾಮಿನಲ್ಲಿ ಇಲಿ ಹಿಡಿಯುವ ಕೆಲಸ ಖಾಲಿಯಿದೆ ಎಂದು ಕೇಳಿದ್ದೇ ತಡ, ಚಿನ್ನವ್ವ ಎಂಬ ಬೆಕ್ಕು ಮೀಸೆ ತೀಡಿಕೊಂಡು ಫೋಟೊ ತೆಗೆಸಿ ಫೇಸ್‌ಬುಕ್ಕಿಗೆ ಹಾಕಿತು. "ಏಳು ಮನೆಯಲ್ಲಿ ಇಲಿ ಹಿಡಿದ ಅನುಭವವಿದೆ" ಎಂದು ಬರೆದದ್ದೂ ಆಯಿತು. ಮೂರು ದಿನವಾದರೂ ಒಂದು ಲೈಕೂ ಬೀಳಲಿಲ್ಲ. ಊರಿನ ಬೆಕ್ಕುಗಳಿಗೆಲ್ಲ ಅದೇ ಕೆಲಸ ಬೇಕಿತ್ತಲ್ಲ, ಅವು ಯಾಕೆ ಒತ್ತುತ್ತವೆ?

ಲೈಕಿಲ್ಲದವರಿಗೆ ಕೆಲಸ ಯಾರು ಕೊಡುತ್ತಾರೆ ಎಂಬ ಚಿಂತೆ ಹತ್ತಿ, ಚಿನ್ನವ್ವ ಸೀದಾ ಇಲಿಗಳ ಬಿಲದ ಬಾಯಿಗೇ ಹೋಗಿ ಕೈಮುಗಿಯಿತು. "ನಿಮ್ಮ ತಂಟೆಗೆ ಬರುವುದಿಲ್ಲ. ನನ್ನ ಬಗ್ಗೆ ಎರಡು ಒಳ್ಳೆಯ ಮಾತು ಬರೆಯಿರಪ್ಪ."

ಇಲಿಗಳು ಮನೆಮಂದಿಯೆಲ್ಲ ಕೂತು ಬರೆದವು. ಸಂಜೆಯೊಳಗೆ ಸಾವಿರ ಲೈಕು!

ಮರುದಿನ ಬೆಕ್ಕು ಬೀಗುತ್ತ ಗೋದಾಮಿಗೆ ಹೋಯಿತು. ಅಲ್ಲಿನ ಮೇಲ್ವಿಚಾರಕ ಮುದಿನಾಯಿ ಫೋನು ಹಿಡಿದು ಒಂದೊಂದನ್ನೇ ಓದಿತು. "ಚಿನ್ನವ್ವನಂಥ ಸಾಧ್ವಿ ಇನ್ನೊಬ್ಬಳಿಲ್ಲ." "ಅವಳಿದ್ದ ಕಡೆ ನಮ್ಮ ಮಕ್ಕಳುಮರಿಗೆ ನೆಮ್ಮದಿ." ಕೆಳಗೆ ಇಲಿಗಳ ಹೆಸರು.

"ನೋಡಿದಿರಾ ಯಜಮಾನರೇ, ನನ್ನನ್ನು ಮೆಚ್ಚದ ಇಲಿಯೇ ಇಲ್ಲ!" ಎಂದಿತು ಬೆಕ್ಕು.

ನಾಯಿ ಫೋನನ್ನು ಹಿಂದಕ್ಕೆ ಕೊಟ್ಟಿತು. "ಹೋಗಿ ಬಾರಮ್ಮ. ನಮಗೆ ಬೇಕಾಗಿರುವುದು ಇಲಿಗಳು ಹಿಡಿಶಾಪ ಹಾಕುವ ಬೆಕ್ಕು."